ಐರಿಷ್ ಭಾಷೆಗೆ ಸರ್ಕಾರ ಕೊಟ್ಟದ್ದು, ಕೊಡಲಾಗದ್ದು

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಲೇಖಕರು 2004ರ ಎಸ್ಸೆಸ್ಸೆಲ್ಸಿ ತಂಡದವರು, ಬಿ.ಇ. ಪದವೀಧರರು. ಈಗ ಡಬ್ಲಿನ್ ನಗರದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಎರಡು ತಿಂಗಳ ಹಿಂದೆ ನಮ್ಮ ಕನ್ನಡ ಮೇಷ್ಟ್ರು ಫೋನ್ ಮಾಡಿ, "ಗೋಷ್ಠೀಲಿ ನೀನೂ ಮಾತಾಡ್ಬೇಕು ಕಣಯ್ಯ. ಕಂಪ್ಯೂಟರ್ ವಿಷ್ಯ ಬೇಡ, ನಮಗೆ ಅರ್ಥ ಆಗಲ್ಲ. ನೀನಿರೋ ದೇಶದ್ದೇ ಏನಾದ್ರೂ ಹೇಳು" ಎಂದರು. ಮೇಷ್ಟ್ರ ಮಾತಿಗೆ ಇಲ್ಲ ಎನ್ನುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಆ ದೇಶದ ಭಾಷೆಯ ಕಥೆಯನ್ನು ಹೇಳುತ್ತೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಬೇಕಿದೆ.

ಐರ್ಲೆಂಡ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಇದೇ ಶಾಲೆಯ ಸಮಾಜ ವಿಜ್ಞಾನದ ಪಾಠದಲ್ಲಿ. ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಯಾವ ದೇಶದ ಸಂವಿಧಾನ ಮಾದರಿ? ಉತ್ತರ, ಐರ್ಲೆಂಡ್. ಒಂದು ಅಂಕದ ಪ್ರಶ್ನೆ. ಆ ಒಂದು ಅಂಕ ಬಿಟ್ಟರೆ ಬೇರೇನೂ ತಿಳಿಯದೆ 2016ರಲ್ಲಿ ಡಬ್ಲಿನ್‌ಗೆ ಕೆಲಸಕ್ಕೆ ಹೋದೆ. ಅಲ್ಲಿಯವರ ಭಾಷೆ ಇಂಗ್ಲಿಷ್ ಎಂದೇ ತಿಳಿದಿದ್ದೆ.

ಅಲ್ಲಿ ರಸ್ತೆಯ ಫಲಕಗಳಲ್ಲಿ ಬಹುತೇಕ ಊರುಗಳ ಹೆಸರು ಎರಡು ಸಲ ಇರುತ್ತದೆ. ಮೇಲೆ ಓರೆ ಅಕ್ಷರದಲ್ಲಿ ಐರಿಷ್, ಕೆಳಗೆ ಇಂಗ್ಲಿಷ್. ಡಬ್ಲಿನ್‌ನ ಐರಿಷ್ ಹೆಸರು 'ಬಾಲ್ಯ ಆಹ ಕ್ಲೀಅ'. ಟ್ರಾಮಿನಲ್ಲಿ ನಿಲ್ದಾಣದ ಹೆಸರನ್ನು ಎರಡು ಭಾಷೆಯಲ್ಲಿ ಕೂಗುತ್ತಾರೆ. ಇಂಗ್ಲಿಷ್ ಮಾತಾಡುವಾಗಲೂ ಪ್ರಧಾನಿಯನ್ನು 'ಟೀಶಕ್' ಎನ್ನುತ್ತಾರೆ, ಸಂಸತ್ತಿನ ಕೆಳಮನೆಯನ್ನು 'ಡಾಲ್' ಎನ್ನುತ್ತಾರೆ, ಪೊಲೀಸರನ್ನು 'ಗಾರ್ಡ' ಎನ್ನುತ್ತಾರೆ. 1937ರ ಅವರ ಸಂವಿಧಾನದ ಎಂಟನೇ ವಿಧಿಯಲ್ಲಿ ಐರಿಷ್ ರಾಷ್ಟ್ರಭಾಷೆ, ಮೊದಲನೇ ಅಧಿಕೃತ ಭಾಷೆ ಎಂದಿದೆ. ಇಂಗ್ಲಿಷಿಗೆ ಎರಡನೇ ಸ್ಥಾನ.

ಇದನ್ನೆಲ್ಲ ನೋಡಿ ನನಗೆ ಬಹಳ ಸಂತೋಷವಾಯಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಐರಿಷ್ ಗೆಳೆಯನನ್ನು, "ನಿಮ್ಮ ಭಾಷೇಲಿ ಒಂದು ವಾಕ್ಯ ಹೇಳು" ಎಂದೆ. ಅವನು ನಗುತ್ತಾ ಉದ್ದವಾಗಿ ಏನೋ ಹೇಳಿದ. ಅದರ ಅರ್ಥ ಏನು ಗೊತ್ತೇ? "ಟೀಚರ್, ನಾನು ಪಾಯಿಖಾನೆಗೆ ಹೋಗಬಹುದಾ?" ಮಕ್ಕಳೇ, ನೀವು ನಗುತ್ತಿದ್ದೀರಿ, ನಾನೂ ನಕ್ಕೆ. ಆಮೇಲೆ ಅವನು ಹೇಳಿದ: "ನಾನು ಶಾಲೆಯಲ್ಲಿ ಹದಿನಾಲ್ಕು ವರ್ಷ ಐರಿಷ್ ಓದಿದ್ದೇನೆ. ಪೂರ್ತಿಯಾಗಿ ನೆನಪಿರುವುದು ಇದೊಂದೇ ವಾಕ್ಯ." ಬೇರೆ ಐರಿಷ್ ಗೆಳೆಯರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ಉತ್ತರ ಬಂತು. ಹೀಗೇಕೆ ಎಂದು ತಿಳಿಯಲು ನಾನು ಅವರ ಚರಿತ್ರೆ ಓದತೊಡಗಿದೆ.

ಇನ್ನೂರು ವರ್ಷದ ಹಿಂದೆ ಆ ದ್ವೀಪದಲ್ಲಿ ಲಕ್ಷಾಂತರ ಜನರ ಮನೆಮಾತು ಐರಿಷ್. ಆಳುವವರು ಬ್ರಿಟಿಷರು. 1831ರಲ್ಲಿ ಶುರುವಾದ ಸರ್ಕಾರಿ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕೆಲವು ಕಡೆ ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು. ಕೊನೆಗೆ ಗೀರು ಎಣಿಸಿ ಅಷ್ಟು ಏಟು. ಇದರಲ್ಲಿ ನನಗೆ ನಿದ್ದೆ ಕೆಡಿಸಿದ ಸಂಗತಿ ಬೇರೆ. ಎಷ್ಟೋ ಕಡೆ ಆ ಗೀರು ಹಾಕಲು ಸ್ವಂತ ಅಪ್ಪ ಅಮ್ಮನೇ ಒಪ್ಪಿದ್ದರು, ಮನೆಯಲ್ಲಿ ತಾವೇ ಗೀರು ಹಾಕುತ್ತಿದ್ದರು. ಅವರು ಕೆಟ್ಟವರಲ್ಲ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂದು ಘೋರ ಬರಗಾಲವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿ ದೇಶ ಬಿಟ್ಟರು. ಹೆಚ್ಚು ಪೆಟ್ಟು ಬಿದ್ದದ್ದು ಐರಿಷ್ ಮಾತಾಡುವ ಪಶ್ಚಿಮದ ಬಡವರಿಗೆ. ಮಗು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಿ ಬದುಕಬೇಕಾದರೆ ಇಂಗ್ಲಿಷ್ ಬೇಕು. ಮಗುವಿನ ಹೊಟ್ಟೆಗಾಗಿ ಆ ತಾಯಿ ತಂದೆಯರು ತಮ್ಮ ಮಾತನ್ನು ಬಿಟ್ಟುಕೊಟ್ಟರು.

1922ರಲ್ಲಿ ಅವರದೇ ಸರ್ಕಾರ ಬಂದಾಗ ಐರಿಷ್ ಮನೆಮಾತಾಗಿ ಉಳಿದಿದ್ದ ಪ್ರದೇಶ ಬಹಳ ಚಿಕ್ಕದು. ಅಂಥ ಊರುಗಳನ್ನು 'ಗೇಲ್‌ಟಾಕ್ಟ್' ಎಂದು ಕರೆಯುತ್ತಾರೆ. ಹೊಸ ಸರ್ಕಾರ ಸುಮ್ಮನೆ ಕೂರಲಿಲ್ಲ. ಐರಿಷನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಿತು. ಶಾಲೆ ಮುಗಿಸುವ ಕೊನೆಯ ಪರೀಕ್ಷೆಯಲ್ಲಿ ಐರಿಷ್ ಫೇಲಾದರೆ ಇಡೀ ಪರೀಕ್ಷೆಯೇ ಫೇಲು. ಈ ನಿಯಮ 1973ರವರೆಗೆ ಇತ್ತು. ಗೇಲ್‌ಟಾಕ್ಟ್‌ನಲ್ಲಿ ಐರಿಷ್ ಮನೆಮಾತಾಗಿರುವ ಶಾಲಾಮಕ್ಕಳಿಗೆ 1930ರ ದಶಕದಿಂದ ಹಲವು ದಶಕ ಹಣವನ್ನೂ ಕೊಟ್ಟರು. ಇನ್ಸ್‌ಪೆಕ್ಟರ್ ಬಂದು ಮಗುವಿನ ಜೊತೆ ಮಾತಾಡಿ ನೋಡಿದ ಮೇಲೆ ಆ ಹಣ.

1972ರಲ್ಲಿ ಗೇಲ್‌ಟಾಕ್ಟ್‌ಗೆ ಪ್ರತ್ಯೇಕ ರೇಡಿಯೊ, 1996ರಲ್ಲಿ ಐರಿಷ್ ಟಿವಿ ವಾಹಿನಿ ಬಂದವು. 2003ರಲ್ಲಿ ಅಧಿಕೃತ ಭಾಷಾ ಕಾಯ್ದೆ ಬಂತು. ಸರ್ಕಾರಿ ಕಚೇರಿಗೆ ಐರಿಷಿನಲ್ಲಿ ಪತ್ರ ಬರೆದರೆ ಐರಿಷಿನಲ್ಲೇ ಉತ್ತರ ಕೊಡಬೇಕು. ದೂರು ಕೇಳಲು ಭಾಷಾ ಆಯುಕ್ತರಿದ್ದಾರೆ. 2021ರ ತಿದ್ದುಪಡಿಯಲ್ಲಿ, 2030ರ ಹೊತ್ತಿಗೆ ಸರ್ಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಐರಿಷ್ ಚೆನ್ನಾಗಿ ಬರಬೇಕು ಎಂಬ ಗುರಿ ಇದೆ. 2007ರಲ್ಲಿ ಐರಿಷ್ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಯಿತು, 2022ರಿಂದ ಪೂರ್ಣ ಸ್ಥಾನ ಸಿಕ್ಕಿತು. ಐರಿಷ್ ಚೆನ್ನಾಗಿ ಬಲ್ಲವರಿಗೆ ಅಲ್ಲಿ ಅನುವಾದಕರ ಕೆಲಸವಿದೆ.

ಕಂಪ್ಯೂಟರ್ ಬೇಡ ಎಂದಿದ್ದೀರಿ, ಮೇಷ್ಟ್ರೇ, ಆದರೂ ಒಂದೇ ಮಾತು. ಐರಿಷಿನಲ್ಲಿ ಸ್ವರದ ಮೇಲೆ ಒಂದು ಸಣ್ಣ ಗೆರೆ ಎಳೆಯುತ್ತಾರೆ. ಅದರ ಹೆಸರು 'ಫಾದ'. ಅರ್ಥ, ಉದ್ದ. ನಮ್ಮ ದೀರ್ಘವೇ! ನಮ್ಮಲ್ಲಿ ದೀರ್ಘ ಬಿಟ್ಟರೆ ಬಾಳೆ ಬಳೆಯಾಗುತ್ತದೆ. ಅವರಲ್ಲಿ 'ಶಾನ್' ಎಂಬ ಹೆಸರಿನ ಗೆರೆ ಬಿಟ್ಟರೆ 'ಮುದುಕ, ಹಳೆಯದು' ಎಂಬ ಅರ್ಥದ ಪದವಾಗುತ್ತದೆ. ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು ಎಷ್ಟೋ ಸಲ ಈ ಗೆರೆಯನ್ನು ನುಂಗಿಹಾಕುತ್ತವೆ. ಜನರ ಹೆಸರನ್ನು ಗೆರೆಯ ಸಮೇತ ಸರಿಯಾಗಿ ಬರೆಯಬೇಕು ಎಂದು 2021ರ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ಹೇಳಿದೆ. ಒಂದು ದೀರ್ಘಕ್ಕಾಗಿ ಕಾನೂನು ಮಾಡಿದ ದೇಶ ಅದು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಏನು? 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷ 74 ಸಾವಿರ ಜನ ತಮಗೆ ಐರಿಷ್ ಬರುತ್ತದೆ ಎಂದರು. ಅಂದರೆ ನೂರಕ್ಕೆ ನಲವತ್ತು ಮಂದಿ. ಸಾಯಬೇಕಿದ್ದ ಭಾಷೆಗೆ ಇದು ಸಣ್ಣ ಸಾಧನೆಯಲ್ಲ. ಆದರೆ ಶಾಲೆಯ ಹೊರಗೆ ದಿನವೂ ಐರಿಷ್ ಮಾತಾಡುವವರು ಎಷ್ಟು? ಸುಮಾರು 72 ಸಾವಿರ. ಗೇಲ್‌ಟಾಕ್ಟ್ ಊರುಗಳಲ್ಲೂ ಒಂದು ಲಕ್ಷ ಚಿಲ್ಲರೆ ಜನರಲ್ಲಿ ಇಪ್ಪತ್ತು ಸಾವಿರ. ಅಂಥ ದಿನಬಳಕೆಯವರನ್ನು 2030ಕ್ಕೆ ಎರಡೂವರೆ ಲಕ್ಷ ಮಾಡಬೇಕೆಂದು ಸರ್ಕಾರ 2010ರಲ್ಲಿ ಇಪ್ಪತ್ತು ವರ್ಷದ ಯೋಜನೆ ಹಾಕಿತ್ತು. ಆ ಗುರಿ ಇನ್ನೂ ಬಹಳ ದೂರ.

ಇದರಿಂದ ಸರ್ಕಾರದ ಕೆಲಸವೆಲ್ಲ ದಂಡ ಎಂದು ಯಾರೂ ತಿಳಿಯಬಾರದು. ಸರ್ಕಾರ ಕೈಹಿಡಿಯದಿದ್ದರೆ ಆ ಭಾಷೆ ಇವತ್ತು ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಆದರೆ ಫಲ ಚೆನ್ನಾಗಿ ಬಂದಿರುವುದು ಸರ್ಕಾರದ ಜೊತೆ ಜನರೂ ಸೇರಿದ ಕಡೆ. ಅಲ್ಲಿ 'ಗೇಲ್‌ಸ್ಕೋಲ್' ಎಂಬ ಶಾಲೆಗಳಿವೆ, ಅಂದರೆ ಐರಿಷ್ ಮಾಧ್ಯಮದ ಶಾಲೆಗಳು. 1970ರ ದಶಕದ ಆರಂಭದಲ್ಲಿ ಗೇಲ್‌ಟಾಕ್ಟ್‌ನ ಹೊರಗೆ ಅವು ಬೆರಳೆಣಿಕೆಯಷ್ಟಿದ್ದವು, ಈಗ ನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಶಾಲೆಗಳನ್ನು ಕೇಳಿ ಪಡೆದವರು ಇಂಗ್ಲಿಷ್ ಮಾತಾಡುವ ಪೋಷಕರು. ಮೇಷ್ಟ್ರ ಸಂಬಳ ಸರ್ಕಾರದ್ದು. ಇನ್ನೊಂದು, ಬೇಸಿಗೆ ಕಾಲೇಜು. ಪಟ್ಟಣದ ಮಕ್ಕಳು ರಜೆಯಲ್ಲಿ ಗೇಲ್‌ಟಾಕ್ಟ್ ಊರಿಗೆ ಹೋಗಿ ಅಲ್ಲಿನ ಮನೆಗಳಲ್ಲಿ ಕೆಲವು ವಾರ ಇರುತ್ತಾರೆ. ಆ ಮನೆಯೊಡತಿಯನ್ನು 'ಬ್ಯಾನ್ ಅನ್ ಟೀ' ಎನ್ನುತ್ತಾರೆ. ಮಕ್ಕಳನ್ನು ಇಟ್ಟುಕೊಳ್ಳುವುದಕ್ಕೆ ಸರ್ಕಾರ ಆಕೆಗೆ ಸಹಾಯಧನ ಕೊಡುತ್ತದೆ. ಊಟ ಬಡಿಸುವಾಗಲೂ ಆಕೆಯ ಮಾತು ಐರಿಷ್. ಪಾಯಿಖಾನೆಯ ವಾಕ್ಯ ಹೇಳಿದ ನನ್ನ ಗೆಳೆಯ, "ನನಗೆ ಬರುವ ಚೂರುಪಾರು ಐರಿಷ್ ಆ ತಾಯಿಯ ಊಟದ ಮೇಜಿನಲ್ಲಿ ಕಲಿತದ್ದು" ಎಂದ. ಕಳೆದುಹೋದ ಅಡುಗೆಮನೆಯ ಮಾತನ್ನು ಸರ್ಕಾರ ಹೀಗೆ ದುಡ್ಡು ಕೊಟ್ಟು ಮಕ್ಕಳ ಕಿವಿಗೆ ಹಾಕಿಸುತ್ತಿದೆ.

ಈಗ ನನ್ನ ತಪ್ಪಿನ ವಿಷಯ.

ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಬಿ.ಇ. ಮೊದಲ ವರ್ಷ ಒಂದು ದಿನ ತರಗತಿಯಲ್ಲಿ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು, ಇಂಗ್ಲಿಷಿನಲ್ಲಿ ಹೇಳಲಾಗದೆ ತಡವರಿಸಿದೆ. ಹಿಂದಿನ ಬೆಂಚಿನವರು ನಕ್ಕರು. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಿದ್ದೆ ಬರಲಿಲ್ಲ. ನನ್ನ ಮಕ್ಕಳಿಗೆ ಈ ಗತಿ ಬರಬಾರದು ಎಂದು ತೀರ್ಮಾನಿಸಿದೆ. ಡಬ್ಲಿನ್‌ನಲ್ಲಿ ಮಗಳು ಹುಟ್ಟಿದಾಗ ನಾನೂ ನನ್ನ ಹೆಂಡತಿಯೂ ನಮ್ಮ ನಮ್ಮಲ್ಲಿ ಕನ್ನಡ, ಅವಳ ಜೊತೆ ಇಂಗ್ಲಿಷ್ ಎಂದು ನಡೆಸಿಕೊಂಡು ಬಂದೆವು. ವಿಡಿಯೊ ಕಾಲ್‌ನಲ್ಲಿ ಅವಳು "ಅಜ್ಜಿ, ಊಟ ಆಯ್ತಾ?" ಎನ್ನುತ್ತಿದ್ದಳು. ಅವ್ವ "ಆಯ್ತು ಕಣವ್ವ, ನಿಂದು?" ಎನ್ನುತ್ತಿದ್ದಳು. "ಆಯ್ತು" ಎಂದು ಮಗಳು ಫೋನನ್ನು ನನ್ನ ಕೈಗೆ ಕೊಡುತ್ತಿದ್ದಳು. ಅಲ್ಲಿಗೆ ಅಜ್ಜಿ ಮೊಮ್ಮಗಳ ಮಾತು ಮುಗಿಯಿತು. ಐರಿಷಿನಲ್ಲಿ ಇಂಥ ಅರೆಬರೆ ಮಾತಿಗೆ 'ಕೂಪ್ಲಾ ಫೊಕಲ್' ಎನ್ನುತ್ತಾರೆ, ಅಂದರೆ ಒಂದೆರಡು ಪದ.

ಅಲ್ಲಿ ಪ್ರತಿ ವರ್ಷ ಮಾರ್ಚ್‌ನಲ್ಲಿ ಐರಿಷ್ ಭಾಷೆಯ ಉತ್ಸವ ನಡೆಯುತ್ತದೆ. ಎರಡು ವರ್ಷದ ಹಿಂದೆ ಆ ಸಮಯದಲ್ಲಿ ಮಗಳು ಶಾಲೆಯಿಂದ ಬಂದು, ಮನೆಯಲ್ಲೂ ಐರಿಷ್ ಮಾತಾಡಬೇಕಂತೆ, ಇಲ್ಲದಿದ್ದರೆ ಭಾಷೆ ಹೋಗಿಬಿಡುತ್ತದಂತೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಅಪ್ಪ, ಮತ್ತೆ ನೀನು ನನ್ನ ಜೊತೆ ಕನ್ನಡ ಯಾಕೆ ಮಾತಾಡಲ್ಲ?" ಈ ಪ್ರಶ್ನೆಯನ್ನೂ ಅವಳು ಇಂಗ್ಲಿಷಿನಲ್ಲೇ ಕೇಳಿದಳು.

ನನ್ನ ಬಳಿ ಉತ್ತರವಿರಲಿಲ್ಲ. ಕೋಲಿಗೆ ಗೀರು ಹಾಕುತ್ತಿದ್ದ ಆ ಐರಿಷ್ ಅಪ್ಪನಿಗೆ ಬರಗಾಲದ ಭಯವಿತ್ತು. ನನಗೆ ಹಿಂದಿನ ಬೆಂಚಿನವರ ನಗುವಿನ ಭಯ.

ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತರೆ ಕನ್ನಡ. ಸುಲಭವಾಗಿ ನಡೆಯಿತು ಎಂದು ಹೇಳಲಾರೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಿಂಗಳುಗಟ್ಟಲೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಈಗ ಅರ್ಧ ಅರ್ಧ. ಅವಳ ಇಂಗ್ಲಿಷಿಗೆ ಇದರಿಂದ ಏನೂ ತೊಂದರೆಯಾಗಿಲ್ಲ. ಐರಿಷನ್ನೂ ಕಲಿಯುತ್ತಿದ್ದಾಳೆ.

ಊರಿನ ಹಿರಿಯರಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಇಂಗ್ಲಿಷ್ ಬೇಡ ಎಂದೂ ಹೇಳುವುದಿಲ್ಲ, ನನ್ನ ಅನ್ನ ಅದರಿಂದಲೇ ಬಂದಿದೆ. ಈ ಮಕ್ಕಳಿಗೆ ಇಂಗ್ಲಿಷನ್ನು ಇಲ್ಲೇ ಚೆನ್ನಾಗಿ ಕಲಿಸಲಿ, ಅದಕ್ಕೆ ಬೇಕಾದ ಮೇಷ್ಟ್ರನ್ನು, ಪುಸ್ತಕವನ್ನು ಸರ್ಕಾರದ ಹತ್ತಿರ ಜಗಳವಾಡಿಯಾದರೂ ತರೋಣ. ಹಳೆಯ ವಿದ್ಯಾರ್ಥಿಗಳಾದ ನಾವು ಜೊತೆಗಿರುತ್ತೇವೆ. 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಾಗಿರುವವರು 4 ಕೋಟಿ 37 ಲಕ್ಷ. ಐರಿಷರ ಸ್ಥಿತಿ ನಮಗಿಲ್ಲ. ಸರ್ಕಾರ ನೂರು ವರ್ಷ ಹಣ ಸುರಿದರೂ ಅವರಿಗೆ ಪೂರ್ತಿ ಮರಳಿ ಸಿಗದೆ ಇರುವುದು ನಮ್ಮ ಮನೆಗಳಲ್ಲಿ ಇನ್ನೂ ಬಿಟ್ಟಿಯಾಗಿ ಇದೆ. ಕಾನ್ವೆಂಟಿಗೆ ಹೋಗುವ ಮೊಮ್ಮಗುವಿಗೂ ಅಜ್ಜಿ ಕಥೆ ಹೇಳುವಾಗ ಕನ್ನಡದಲ್ಲೇ ಹೇಳಲಿ. ನಾನು ಕೇಳಿಕೊಳ್ಳುವುದು ಇಷ್ಟೇ.

ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಶಾಲೆಯ ಗೇಟಿನ ಹತ್ತಿರ ಬಂದಿದ್ದೆ. ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. 'ಸರ್ಕಾರಿ' ಆಯಿತು. 'ಪ್ರೌಢ'ದಲ್ಲಿ ನಿಂತಳು. ಜೊತೆಗಿದ್ದ ಅವ್ವ ನಾಲ್ಕನೇ ಕ್ಲಾಸು ಓದಿದವಳು. ಅವಳೇ ಹೇಳಿಕೊಟ್ಟಳು. ಇಬ್ಬರೂ ಅದೋ ಅಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಾರೆ. ನಾನು ಮಾತಾಡುತ್ತಿರುವುದು ಮಗಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅರ್ಥವಾಗದ್ದನ್ನು ಅಜ್ಜಿಯನ್ನು ಕೇಳುತ್ತಾಳೆ.