ಹಣ್ಣು ಪರೀಕ್ಷಿಸುವ ಯಂತ್ರದ ನಿಗಾ



ಔಷಧ ಹೊಡೆದ ಪಂಪನ್ನು ತೊಳೆಯದೆ ಮೂಲೆಗಿಟ್ಟರೆ ಏನಾದೀತೆಂದು ಅಮದಳ್ಳಿಯ ತೋಟಗಾರರಿಗೆ ನಾನು ಹೇಳಬೇಕಾಗಿಲ್ಲ. ಮೂತಿ ಕಟ್ಟುತ್ತದೆ, ನಿನ್ನೆಯ ಔಷಧ ಇಂದಿನ ಗಿಡಕ್ಕೂ ಬೀಳುತ್ತದೆ. ಹಣ್ಣಿನಲ್ಲಿ ಉಳಿದ ಔಷಧವನ್ನು ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದ ಪಾಡೂ ಇದೇ.

ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಲಿಕ ಗುರುತು ಸಿಕ್ಕಿತು. ನಮ್ಮ ಹಣ್ಣು ದೂರದ ಪೇಟೆಗೆ ಹೊರಟರೆ ಈ ಯಂತ್ರದ ಮುಂದೆ ನಿಲ್ಲಲೇಬೇಕು. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಕ್ಕೆ ಯೂರೋಪಿನ ಒಕ್ಕೂಟದವರು ಕಿಲೋವಿಗೆ 0.01 ಮಿಲಿಗ್ರಾಂ ಎಂದಿಟ್ಟಿದ್ದಾರೆ. ನೂರು ಕಿಲೋ ಹಣ್ಣಿಗೆ ಒಂದೇ ಮಿಲಿಗ್ರಾಂ!

ಹಣ್ಣಿನ ಸಾರವನ್ನು ಹನಿಗಿಂತಲೂ ಕಡಿಮೆ ತೆಗೆದುಕೊಂಡು ಸೂಜಿಯಿಂದ ಬಿಸಿ ಗೂಡಿಗೆ ಚುಚ್ಚುತ್ತಾರೆ. ಅದು ಆವಿಯಾಗಿ, ಅನಿಲದ ಜೊತೆಗೂಡಿ, ಸುಮಾರು 30 ಮೀಟರು ಉದ್ದದ ಸಣ್ಣ ಕೊಳವೆಯ ಸುರುಳಿಯಲ್ಲಿ ಹಾಯುತ್ತದೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬಿದ್ದು, ಗೆರೆ ಗುಡ್ಡದಂತೆ ಏಳುತ್ತದೆ. ಈ ವಿಧಾನವನ್ನು ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಪ್ರಕಟಿಸಿದರು.

ಸೂಜಿ ಚುಚ್ಚುವಲ್ಲಿ ಒಂದು ರಬ್ಬರು ಬಿಲ್ಲೆಯಿದೆ, ನಮ್ಮ ಪಂಪಿನ ವಾಶರಿದ್ದ ಹಾಗೆ. ನೂರು ಸಲ ಚುಚ್ಚುವಷ್ಟರಲ್ಲಿ ಸವೆದು ಸೋರುತ್ತದೆ, ಗಾಳಿ ಒಳನುಗ್ಗಿ ಕಾದ ಕೊಳವೆ ಕೆಡುತ್ತದೆ. ಅದಕ್ಕೆ ಮುಂಚೆಯೇ ಬದಲಿಸತಕ್ಕದ್ದು. ಅದರ ಕೆಳಗಿನ ಗಾಜಿನ ನಳಿಗೆಯೇ ದೊಡ್ಡ ಕಳ್ಳ. ಹಣ್ಣಿನ ಜಿಡ್ಡೆಲ್ಲ ಅಲ್ಲೇ ಹಿಡಿಯುತ್ತದೆ. ಹಿಂದಿನವರ ಮಾದರಿಯ ಶೇಷ ಅಲ್ಲಿ ಉಳಿದರೆ ನಿಮ್ಮ ಹಣ್ಣಿನ ಲೆಕ್ಕಕ್ಕೆ ಸೇರೀತು, ಲೋಡೇ ತಿರಸ್ಕೃತವಾದೀತು. ಇನ್ನೊಂದು ಪಕ್ಕವೂ ಉಂಟು: ಕೊಳೆ ಹಿಡಿದ ಬಿಸಿ ನಳಿಗೆಯಲ್ಲಿ ಡಿ.ಡಿ.ಟಿ.ಯಂಥವು ಅಲ್ಲೇ ಒಡೆದುಹೋಗುತ್ತವೆ. ಆಗ ಇದ್ದದ್ದನ್ನೂ ಯಂತ್ರ ಕಡಿಮೆ ತೋರಿಸುತ್ತದೆ. ತಿನ್ನುವವರ ಮಟ್ಟಿಗೆ ಇದೇ ಹೆಚ್ಚು ಕೇಡು, ನನ್ನ ಅಭಿಪ್ರಾಯದಲ್ಲಿ.

ಕೊಳವೆಯ ಬಾಯಿ ಕೆಟ್ಟರೆ ಗೇಣಿನಷ್ಟು ಕತ್ತರಿಸಿ ಮತ್ತೆ ಜೋಡಿಸುತ್ತಾರೆ. ನಮ್ಮ ಕರಾವಳಿಯಂಥ ತೇವದ ಊರಿನಲ್ಲಿ ಅನಿಲದ ನೀರಿನಂಶ ಹೀರುವ ಡಬ್ಬಿಯನ್ನು ಮರೆಯಲಾಗದು. ಸಿಲಿಂಡರು ಬದಲಿಸುವಾಗ ಜೋಡಣೆ ಸಡಿಲವಾದರೂ ತೇವ ನುಗ್ಗುತ್ತದೆ. ಯಂತ್ರ ನಿಲ್ಲಿಸುವಾಗ ಮೊದಲು ಒಲೆ ಆರಬೇಕು, ಅನಿಲ ಬಂದು ಮಾಡುವುದು ಆಮೇಲೆ.

ಇದೆಲ್ಲ ಪ್ರಯೋಗಶಾಲೆಯವರ ಕೆಲಸವಲ್ಲವೆ ಎಂದೀರಿ. ಹೌದು. ಆದರೆ ಫೀಸು ಕೊಡುವವರು ನೀವು. ಮಾದರಿ ಒಪ್ಪಿಸುವಾಗ ಅದರ ಒಂದು ಪಾಲನ್ನು ಮೊಹರು ಹಾಕಿಸಿ ತಣ್ಣಗೆ ಇಡಿಸಿರಿ. ವರದಿ ಬಂದಾಗ ಕೇಳಿರಿ: “ಸ್ವಾಮಿ, ನಮ್ಮ ಮಾದರಿಗೆ ಮುಂಚೆ ಬರೀ ದ್ರಾವಕ ಹಾಕಿ ನೋಡಿದಿರಾ? ಆಗ ಗೆರೆ ಮಟ್ಟಸವಾಗಿತ್ತೆ?” ಆ ಕಾಗದ ಅವರಲ್ಲಿರುತ್ತದೆ. ತೋರಿಸಲಿಕ್ಕೆ ಹೇಳಿ.