ಕೆರೆಯೂ ನೀರುಗಂಟಿಯೂ

ಗ್ರಾಮಾಭಿವೃದ್ಧಿಯ ಪ್ರಸ್ತಾಪ ಬಂದಲ್ಲೆಲ್ಲ ‘ಸ್ಥಳೀಯ ಸಾಮರ್ಥ್ಯವನ್ನು ಬೆಳೆಸಬೇಕು’ ಎಂಬ ನುಡಿ ಈಗ ಕೇಳಿಬರುತ್ತದೆ. ಕಿವಿಗೆ ಹಿತವಾದ ನುಡಿಯೇ ಸರಿ. ಆದರೆ ಅದರೊಳಗೊಂದು ಊಹೆ ಅಡಗಿದೆ: ಹಳ್ಳಿಯಲ್ಲಿ ಸಾಮರ್ಥ್ಯವಿಲ್ಲ, ಅದನ್ನು ಹೊರಗಿನಿಂದ ತಂದು ನೆಡಬೇಕು ಎಂಬ ಊಹೆ. ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನನಗೆ ಕೃಷಿಶಾಸ್ತ್ರದಲ್ಲಾಗಲಿ ಎಂಜಿನಿಯರಿಂಗಿನಲ್ಲಾಗಲಿ ಅಧಿಕಾರವಿಲ್ಲ. ಆದರೂ ಶಾಸನಗಳನ್ನು ಓದುವವನು ಕೆರೆಯನ್ನು ಬಳಸಿ ಹೋಗಲಾರ. ಆದ್ದರಿಂದ ನಮ್ಮ ಬಯಲುಸೀಮೆಯ ಕೆರೆಗಳನ್ನು ಮುಂದಿಟ್ಟುಕೊಂಡು ಆ ಊಹೆಯನ್ನು ಸ್ವಲ್ಪ ಪರೀಕ್ಷಿಸಬೇಕೆಂದಿದ್ದೇನೆ.

ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಸಾವಿರ ಮಂದಿ ಕೂಲಿಯಾಳುಗಳು, ಎರಡು ವರ್ಷದ ದುಡಿಮೆ. ಇವೆಲ್ಲಕ್ಕಿಂತ ನನ್ನನ್ನು ಸೆಳೆದದ್ದು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಅದು ಎಣಿಸಿಕೊಡುವ ಭಾಗ. ಧರ್ಮವಂತನಾದ ಅರಸ ಬೇಕು, ಜಲಶಾಸ್ತ್ರ ಬಲ್ಲ ಪಂಡಿತ ಬೇಕು, ಗಟ್ಟಿ ಜೇಡಿಯ ನೆಲ ಬೇಕು, ಕಲ್ಲಿನ ಗಣಿ ಬೇಕು. ಇವುಗಳೊಡನೆ ಕಟ್ಟುವ ಕೆಲಸದಲ್ಲಿ ಪಳಗಿದ ಜನರ ತಂಡವೂ ಬೇಕು. ಅರಸನೂ ಪಂಡಿತನೂ ಇದ್ದುಬಿಟ್ಟರೆ ಕೆರೆಯಾಗದೆಂದು ಆ ಶಾಸನಕಾರನಿಗೆ ಗೊತ್ತಿತ್ತು. ದೋಷಗಳ ಪಟ್ಟಿಯಲ್ಲಿ ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನಡುವೆ ದಿಬ್ಬ ಮುಂತಾದುವು ಬರುತ್ತವೆ. ಜೊತೆಗೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ಒಂದು ದೋಷ. ಇದರ ಅರ್ಥ ಪೂರ್ತಿಯಾಗಿ ತಿಳಿಯಬೇಕಾದರೆ ಇಂದಿನ ಕೆರೆಯೊಂದನ್ನು ನೋಡಬೇಕು. ನಲವತ್ತು ಹೆಕ್ಟೇರಿಗೆ ಮೀರಿದ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯತಿಯದು. ಮೀನಿಗೊಂದು ಇಲಾಖೆ, ಅಂಗಳದ ಒತ್ತುವರಿಗೆ ಕಂದಾಯದವರು, ನೆಡುತೋಪಿಗೆ ಅರಣ್ಯದವರು. ಒಂದೇ ನೀರು ಎಷ್ಟು ರಾಜ್ಯಗಳ ಗಡಿಯಲ್ಲಿ ನಿಂತಿದೆ ನೋಡಿ!

ಕಟ್ಟಿದ ಮೇಲೆ ಕಾಪಾಡುವವರಾರು? ನಮ್ಮ ಕನ್ನಡ ಶಾಸನಗಳು ಇದಕ್ಕೂ ಉತ್ತರ ಹೇಳುತ್ತವೆ. ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಅವುಗಳಲ್ಲಿ ಪದೇ ಪದೇ ಬರುತ್ತವೆ. ಕೆರೆಯ ದುರಸ್ತಿಗೆಂದೇ ಬಿಟ್ಟ ಭೂಮಿ, ಹೂಳು ಹೊರುವ ಬಂಡಿ-ಕೋಣಗಳಿಗೆಂದು ಬಿಟ್ಟ ದತ್ತಿ; ಎಲ್ಲವೂ ಕೆರೆಯ ಕೆಳಗಿನ ಬೆಳೆಯಿಂದಲೇ ಹುಟ್ಟಿ ಕೆರೆಗೇ ಮರಳುವ ಏರ್ಪಾಡು. ಇದರ ಕೊನೆಯ ಕೊಂಡಿ ನೀರುಗಂಟಿ. ತೂಬು ಎತ್ತುವವನು, ಕಾಲುವೆಯ ಬಾಯಿ ತಿರುಗಿಸುವವನು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ಕಾವಲಿರುವವನು ಅವನು. ಹಳ್ಳಿಯ ಆಯಗಾರರಲ್ಲಿ ಅವನೊಬ್ಬ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು.

ಕೆಲವು ವರ್ಷಗಳ ಹಿಂದೆ ಕೋಲಾರದ ಕಡೆಯ ಒಂದು ಊರಿನಲ್ಲಿ ಇಂಥ ವೃದ್ಧರೊಬ್ಬರೊಡನೆ ಒಂದು ಸಂಜೆ ಕಳೆದೆ. ‘ಅರ್ಧ ಕೆರೆ ತುಂಬಿದ ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದೆ. ‘ಅರ್ಧ ಗದ್ದೆ ನಾಟಿ, ಸ್ವಾಮಿ. ಗೌಡರದೂ ಅರ್ಧ, ಕೊನೇ ಗದ್ದೆಯವನದೂ ಅರ್ಧ’ ಎಂದರು. ತೂಬಿನ ಕಲ್ಲಿನ ಮೇಲೆ ನೀರಿನ ಗುರುತು ಕಂಡು, ಇನ್ನೆಷ್ಟು ದಿನ, ಎಷ್ಟು ಗದ್ದೆಗೆ ಎಂದು ಲೆಕ್ಕ ಹಾಕುವ ಕ್ರಮವನ್ನು ಬೆರಳು ಮಡಿಚುತ್ತ ವಿವರಿಸಿದರು. ಗದ್ದೆಯ ಒಡೆಯ ತಾನಾಗಿ ನೀರು ತಿರುಗಿಸುವಂತಿರಲಿಲ್ಲವಂತೆ. ಅವರಿಗೆ ಅಕ್ಷರ ಬಾರದು. ಆ ಲೆಕ್ಕವನ್ನು ಅವರಿಂದ ಕಲಿತವರು ಊರಿನಲ್ಲಿ ಯಾರೂ ಇರಲಿಲ್ಲ. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ಈ ಹಳೆಯ ಏರ್ಪಾಡನ್ನು ಹೊಗಳಿ ಮುಗಿಸುವುದು ಸುಲಭ. ಅದು ನನಗೆ ಒಪ್ಪಿಗೆಯಿಲ್ಲ. ಅನೇಕ ಊರುಗಳಲ್ಲಿ ನೀರುಗಂಟಿ ಅಸ್ಪೃಶ್ಯನೆನಿಸಿದ ಕುಲದವನು. ಊರಿನ ನೀರನ್ನೆಲ್ಲ ಹಂಚುವ ಕೈ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ನಾನು ಅದೆಷ್ಟೋ ವರ್ಷ ತರಗತಿಯಲ್ಲಿ ಬೋಧಿಸಿದ್ದೇನೆ; ಕೆರೆಗೆ ನೀರು ಬಾರದಾಗ ಬಲಿಯಾಗುವವಳು ಗೌಡನ ಮನೆಯ ಕಿರಿಯ ಸೊಸೆ ಭಾಗೀರಥಿ. ಊರಿನ ಹಿತದ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಮಾತಿನ ಹಕ್ಕಿಲ್ಲದವರು ಎಂಬುದನ್ನು ಆ ಹಾಡು ಕಟ್ಟಿದವರು ಬಲ್ಲವರಾಗಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ ಆದ್ದರಿಂದ ನ್ಯಾಯವಾದದ್ದೇ. ಕೊರತೆಯಾದದ್ದು ಅನಂತರ. ಹುಟ್ಟಿನ ಕಟ್ಟು ಬಿಚ್ಚಿತು. ಕಸುಬಿಗೆ ಸಂಬಳವಾಗಲಿ ಗೌರವವಾಗಲಿ ಬರಲಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಬಂತು. ತನ್ನ ಹೊಲದಲ್ಲೇ ನೀರು ಎತ್ತಬಲ್ಲವನಿಗೆ ಕೆರೆಯ ಏರಿಯ ಮೇಲೆ ಇಲಿಬಿಲ ಬಿದ್ದರೇನು, ಬಿಟ್ಟರೇನು?

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣೆಯ ಯೋಜನೆ ಆರಂಭವಾಯಿತು. ನಡೆಸಿದ್ದು ಜಲ ಸಂವರ್ಧನೆ ಯೋಜನಾ ಸಂಘ. ಊರೂರಿಗೆ ಕೆರೆ ಬಳಕೆದಾರರ ಸಂಘ ಕಟ್ಟುವುದು, ಅದರ ಪದಾಧಿಕಾರಿಗಳಿಗೆ ತರಬೇತಿ ಕೊಡುವುದು, ಊರವರಿಂದಲೂ ವಂತಿಗೆ ಪಡೆಯುವುದು ಅದರ ಕ್ರಮ. ಹೂಳು ತೆಗೆದದ್ದು, ಏರಿ ಗಟ್ಟಿಯಾದದ್ದು ಕಣ್ಣಿಗೆ ಕಾಣುವ ಲಾಭ, ಅಲ್ಲಗಳೆಯಲಾರೆ. ನನ್ನ ತಕರಾರು ತರಬೇತಿಯ ಮೇಲೆ. ಸಭೆಯ ನಡವಳಿ ಬರೆಯುವುದು, ಲೆಕ್ಕದ ಪುಸ್ತಕ ಇಡುವುದು ಕಲಿಯಬೇಕಾದ ವಿದ್ಯೆಯೇ. ಆದರೆ ಅರ್ಧ ಕೆರೆಯನ್ನು ನ್ಯಾಯವಾಗಿ ಹಂಚುವುದು ಹೇಗೆಂಬುದನ್ನು ಪಟ್ಟಣದ ಉಪನ್ಯಾಸಕನು ಕಲಿಸಲಾರ. ಅದನ್ನು ಬಲ್ಲವನು ಸಂಘದ ಸಭೆಯಲ್ಲಿ ಬಾಗಿಲ ಬಳಿ ನಿಂತಿರುತ್ತಾನೆ. ಅವನನ್ನು ಕರೆದು ಗುರುವಿನ ಪೀಠದಲ್ಲಿ ಕೂರಿಸದ ಹೊರತು ಯಾವ ಸಾಮರ್ಥ್ಯ ಬೆಳೆದೀತು? ಮುಂಗಾರಿನ ಮುಂಚೆ ಏರಿಯ ಮೇಲೆಯೇ ಪಾಠ ನಡೆಯಲಿ. ಗದ್ದೆಯಿಲ್ಲದೆ ಕೆರೆಯನ್ನು ನಂಬಿದ ದನಗಾಹಿ, ಬೆಸ್ತ, ಕುಂಬಾರ, ಬಟ್ಟೆ ಒಗೆಯುವ ಹೆಂಗಸು ಇವರೂ ಅಲ್ಲಿರಲಿ. ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಊರಿನ ಕೆರೆಗೆ ಹೋಗುವುದರಿಂದ ಕೆಳಗಿನ ಊರಿನವರನ್ನೂ ಕರೆಯುವುದು ಲೇಸು.

2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಅಂತರ್ಜಲ ಏರಲೆಂಬುದು ಉದ್ದೇಶ. ಆ ನೀರನ್ನು ಕೆರೆಯಿಂದ ನೇರವಾಗಿ ಗದ್ದೆಗೆ ಬಳಸುವಂತಿಲ್ಲ. ನೀರಿನ ಗುಣದ ಬಗೆಗಿನ ವಾದವನ್ನು ಬಲ್ಲವರಿಗೆ ಬಿಡುತ್ತೇನೆ. ನನಗೆ ತೋರುವ ವಿಚಿತ್ರ ಇಷ್ಟು: ಕೆರೆ ತುಂಬಿದೆ, ತೂಬಿಗೆ ಕೆಲಸವಿಲ್ಲ. ಇಳಿದ ನೀರು ಕೊಳವೆಬಾವಿಯಿದ್ದವನ ಪಾಲಾಗುತ್ತದೆ; ಅದನ್ನು ಹಂಚುವ ನೀರುಗಂಟಿಯನ್ನು ನಾವಿನ್ನೂ ಹುಟ್ಟಿಸಿಕೊಂಡಿಲ್ಲ.

ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಸಣ್ಣ ನೀರಾವರಿ, ಜಲ ನಿರ್ವಹಣೆ, ಜಲಾನಯನ ಅಭಿವೃದ್ಧಿಗಳು ಪಂಚಾಯತಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿದುವು. ಗ್ರಾಮ ಪಂಚಾಯತಿಯಲ್ಲಿ ಇಂದೂ ನೀರುಗಂಟಿ ಎಂಬ ಹೆಸರಿನ ನೌಕರನಿದ್ದಾನೆ. ಕುಡಿಯುವ ನೀರಿನ ಪಂಪು ಹಾಕುವುದು, ಬೀದಿ ನಲ್ಲಿಯ ವಾಲ್ವು ತಿರುಗಿಸುವುದು ಅವನ ಕೆಲಸ. ಅವನು ಯಾವ ಕುಲದವನೂ ಆಗಿರಬಹುದು, ಅವನಿಗೆ ಸಂಬಳವೂ ಉಂಟು. ತೂಬಿನ ಜವಾಬ್ದಾರಿಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಅವನಿಗೆ ಕೂಡಿಸಬೇಕಾದರೆ ಪಂಚಾಯತಿ ಹೊಸ ಹುದ್ದೆಗೆ ಹೆಸರು ಹುಡುಕಬೇಕಾಗಿಲ್ಲ. ಲೆಕ್ಕ ಬಲ್ಲ ಮುದುಕರು ಊರಲ್ಲಿ ಉಳಿದಿರುವಾಗಲೇ ಅವನನ್ನು ಅವರ ಬಳಿಗೆ ಒಂದು ಮಳೆಗಾಲ ಕಳಿಸಿದರೆ ಸಾಕು.