ಅಂಗಳದ ಕಾರು, ಊರಿನ ಬಸ್ಸು

(ರಜತ ಮಹೋತ್ಸವದ ಅಂಗವಾಗಿ ಬಿಜೂರಿನಲ್ಲಿ ನಡೆದ ಸದಸ್ಯರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಠೇವಣಿ, ಸಾಲ, ವಸೂಲಾತಿಯ ವಿಚಾರವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಬಂದಿದೆ. ಅದನ್ನೇ ಪುನಃ ಹೇಳಿ ನಿಮ್ಮ ಊಟದ ಹೊತ್ತನ್ನು ಮುಂದೆ ಹಾಕುವುದು ಬೇಡ. ಈಗ ಮನೆ ಮನೆಯಲ್ಲೂ ಚರ್ಚೆಯಾಗುತ್ತಿರುವ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತೇವೆ. ಮನೆಗೊಂದು ಕಾರು ಬೇಕೋ, ಬಸ್ಸು ರೈಲು ಸಾಕೋ?

ಇದು ಸಂಘಕ್ಕೆ ಸಂಬಂಧ ಇಲ್ಲದ ವಿಷಯ ಎಂದು ತಿಳಿಯಬೇಡಿ. ಮೊದಲು ಸಾಲದ ಅರ್ಜಿ ಅಂದರೆ ಪಂಪ್‌ಸೆಟ್ಟು, ದನ, ಗೊಬ್ಬರ, ಮನೆ ಮಾಡಿನ ರಿಪೇರಿ. ಈಗ ಅದರ ಜೊತೆಗೆ ವಾಹನ ಸಾಲದ ಅರ್ಜಿಯೂ ಮೇಜಿನ ಮೇಲೆ ಬಂದು ಕೂರುತ್ತದೆ. ಕೊಡುವವರು ನಾವೇ, ತೆಗೆದುಕೊಳ್ಳುವವರೂ ನಾವೇ. ಹಾಗಾಗಿ ಎರಡೂ ಕಡೆಯಿಂದ ಯೋಚಿಸುವುದು ನಮ್ಮ ಕರ್ತವ್ಯ.

ನಮ್ಮ ಹಿರಿಯರ ಕಾಲದಲ್ಲಿ ಕುಂದಾಪುರಕ್ಕೆ ಹೋಗುವುದೆಂದರೆ ನಡಿಗೆ, ಗಾಡಿ, ಹೊಳೆ ಬಂದಲ್ಲಿ ದೋಣಿ. ಸೇತುವೆಗಳಾದ ಮೇಲೆ ಬಸ್ಸು ಸಲೀಸಾಯಿತು. ರಾಜ್ಯದ ಬೇರೆ ಜಿಲ್ಲೆಗಳಲ್ಲಿ ಸರಕಾರಿ ಬಸ್ಸಿನ ಕಾರುಬಾರು ಹೆಚ್ಚು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಊರು ಊರಿಗೆ ದಾರಿ ತೋರಿಸಿದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ದಾರಿ ಓಡಲು ಸುರುವಾಯಿತು. ಬಿಜೂರಿಗೂ ಒಂದು ನಿಲ್ದಾಣ ಸಿಕ್ಕಿತು. ಇತ್ತ 17 ಇದ್ದ ಹೆದ್ದಾರಿಯ ನಂಬರು 66 ಆಯಿತು, ಎರಡು ಸಾಲಿನ ರಸ್ತೆ ನಾಲ್ಕು ಸಾಲಾಯಿತು. ಈ ಅಗಲ ರಸ್ತೆಯಲ್ಲಿ ಈಗ ಯಾರು ಹೋಗುತ್ತಿದ್ದಾರೆ ಎಂದು ಸ್ವಲ್ಪ ಹೊತ್ತು ಬದಿಯಲ್ಲಿ ನಿಂತು ನೋಡಿ. ಐದು ಸೀಟಿನ ಕಾರಿನಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು.

ಕಾರು ಬೇಡವೇ ಬೇಡ ಎಂದು ಹೇಳಲು ನಾವು ನಿಂತಿಲ್ಲ. ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಹೆದ್ದಾರಿ ಬದಿಯಲ್ಲಿ ಮುಕ್ಕಾಲು ಗಂಟೆ ನಿಂತವರಿಗೆ ಕಾರಿನ ಬೆಲೆ ಗೊತ್ತು. ನಮ್ಮ ಮನೆಗಳು ಪೇಟೆಯ ಹಾಗೆ ಸಾಲಾಗಿ ಇಲ್ಲ. ಬೈಲಿನಾಚೆ ಒಂದು, ಗುಡ್ಡೆ ಬದಿಗೆ ಒಂದು. ಬಸ್ಸು ಹತ್ತಬೇಕಾದರೆ ಮೊದಲು ಮುಖ್ಯ ರಸ್ತೆಗೆ ನಡೆಯಬೇಕು. ಮಂಡಿ ನೋವಿನ ಅಮ್ಮನಿಗೆ ಅದು ಆಗುವ ಮಾತಲ್ಲ. ರಾತ್ರಿ ಎದೆನೋವು ಬಂದರೆ ಮಣಿಪಾಲ ಅರುವತ್ತು ಕಿಲೋಮೀಟರಿನ ಮೇಲೆ. 108 ಆಂಬ್ಯುಲೆನ್ಸ್ ಇದೆ, ಬರುತ್ತದೆ. ಆದರೂ ಬಾಗಿಲಲ್ಲಿ ಒಂದು ಗಾಡಿ ಇದ್ದರೆ ಮನಸ್ಸಿಗೆ ಧೈರ್ಯ. ರೈಲಿನ ಕಥೆಯೂ ಅಷ್ಟೇ. ಬಿಜೂರಿನಲ್ಲಿ ನಿಲ್ಲುವ ಗಾಡಿ ಬಹಳ ಕಡಿಮೆ. ದೂರದ ಎಕ್ಸ್‌ಪ್ರೆಸ್ ಗಾಡಿ ಬೇಕಾದರೆ ಮೂಕಾಂಬಿಕಾ ರೋಡ್ ಬೈಂದೂರಿಗೋ ಕುಂದಾಪುರಕ್ಕೋ ಹೋಗಬೇಕು. ಕುಂದಾಪುರದ ನಿಲ್ದಾಣ ಇರುವುದಾದರೂ ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ಪುನಃ ರಿಕ್ಷಾ. ಇಷ್ಟೆಲ್ಲ ಇರುವಾಗ, "ಬಸ್ಸಿಗ್ ಕಾದ್ಕಂಡ್ ಕೂಕಂಡ್ರೆ ಕೆಲ್ಸ ಆತಿಲ್ಲೆ ಮಾರಾಯ್ರೆ" ಎಂದು ಯಾರಾದರೂ ಹೇಳಿದರೆ ಅವರನ್ನು ತಪ್ಪು ಎನ್ನಲಾಗದು.

ಆದರೆ ಲೆಕ್ಕ ಒಂದು ಇದೆಯಲ್ಲ, ಅದನ್ನು ನೋಡೋಣ. ನಾವು ಸಹಕಾರಿಗಳು, ಲೆಕ್ಕ ಬಿಟ್ಟು ಮಾತಾಡುವವರಲ್ಲ.

ಉದಾಹರಣೆಗೆ ಸಣ್ಣ ಕಾರಿಗೆ 4 ಲಕ್ಷ ಸಾಲ, ಒಂಬತ್ತೂವರೆ ಬಡ್ಡಿ, ಐದು ವರ್ಷ ಎಂದು ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 8,400 ರೂಪಾಯಿ. ಅರುವತ್ತು ಕಂತಿಗೆ 5 ಲಕ್ಷದ 4 ಸಾವಿರ. ಕೈಯಿಂದ ಹಾಕಿದ ಮುಂಗಡ ಬೇರೆ. ವಿಮೆ, ಸರ್ವೀಸು, ಟಯರು ಎಲ್ಲ ಸೇರಿಸಿ ವರ್ಷಕ್ಕೆ 24 ಸಾವಿರ ಹಿಡಿದರೆ ತಿಂಗಳಿಗೆ 2 ಸಾವಿರ. ತಿಂಗಳಿಗೆ 600 ಕಿಲೋಮೀಟರು ಓಡಿಸಿದರೆ, ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಟ್ಟರೂ, ಪೆಟ್ರೋಲಿಗೆ 3,400. ಒಟ್ಟು 13,800 ರೂಪಾಯಿ. ಅಂದರೆ ಕಿಲೋಮೀಟರಿಗೆ 23 ರೂಪಾಯಿ. ಇಲ್ಲಿಂದ ಕುಂದಾಪುರಕ್ಕೆ ಹೋಗಿ ಬರುವುದು 50 ಕಿಲೋಮೀಟರು ಎಂದರೆ 1,150 ರೂಪಾಯಿ! ಆದರೆ ನಾವು ಮನಸ್ಸಿನಲ್ಲಿ ಲೆಕ್ಕ ಹಾಕುವುದು ಪೆಟ್ರೋಲಿನ 280 ರೂಪಾಯಿ ಮಾತ್ರ. "ನಾಲ್ಕು ಜನ ಹೋದರೆ ಬಸ್ಸಿಗಿಂತ ಕಾರೇ ಅಗ್ಗ" ಎನ್ನುವುದು ಈ 280ರ ಲೆಕ್ಕದಿಂದ. ಉಳಿದದ್ದು ಕಂತಿನ ದಿನ ಕಾಣುತ್ತದೆ. ಐದು ವರ್ಷ ಕಳೆದು ಮಾರಿದರೆ ಸ್ವಲ್ಪ ಹಣ ತಿರುಗಿ ಬರುತ್ತದೆ, ಒಪ್ಪೋಣ. ಆದರೆ ದನದ ಸಾಲ ಹಾಲು ಕೊಟ್ಟು ತೀರುತ್ತದೆ, ತೋಟದ ಸಾಲ ತೆಂಗು ಅಡಿಕೆ ಕೊಟ್ಟು ತೀರುತ್ತದೆ. ಕಾರಿನ ಸಾಲ ತೀರುವುದು ಆ ಹಾಲು, ಆ ತೆಂಗಿನಿಂದಲೇ.

ಇನ್ನೊಂದು ಲೆಕ್ಕ. ತಿಂಗಳಿಗೆ 720 ಗಂಟೆ. 600 ಕಿಲೋಮೀಟರು ಓಡಲು ಬೇಕಾದದ್ದು ಇಪ್ಪತ್ತು ಗಂಟೆ. ಉಳಿದ 700 ಗಂಟೆ ಕಾರು ಅಂಗಳದಲ್ಲಿ, ತಾಡಪಾಲು ಹೊದ್ದುಕೊಂಡು. ನಮ್ಮಲ್ಲಿ ಎಕರೆ, ಎರಡು ಎಕರೆ ಗದ್ದೆ ಇರುವವರು ಯಾರಾದರೂ ಭತ್ತ ಕಟಾವಿನ ಯಂತ್ರ ಸ್ವಂತಕ್ಕೆ ಕೊಂಡಿದ್ದೇವೆಯೇ? ಇಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುತ್ತೇವೆ, ಕೆಲಸ ಮುಗಿಸಿ ಕಳಿಸುತ್ತೇವೆ. ಗದ್ದೆಯ ವಿಷಯದಲ್ಲಿ ಇರುವ ಈ ಬುದ್ಧಿ ಗಾಡಿಯ ವಿಷಯದಲ್ಲಿ ಯಾಕೆ ಬೇಡ? ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ, ಒಂದು ಸಲ ಮದುವೆಗೆ ಮಾತ್ರ ಕಾರು ಬೇಕಾದವರಿಗೆ ಊರಿನ ರಿಕ್ಷಾ, ಬಾಡಿಗೆ ಕಾರು ಧಾರಾಳ ಸಾಕು. ನಮ್ಮೂರ ಹುಡುಗರಿಗೇ ನಾಲ್ಕು ಕಾಸು ಸಿಗುತ್ತದೆ.

ಬಂಧುಗಳೇ, ಇಷ್ಟೇ ಆಗಿದ್ದರೆ ಇದು ಅವರವರ ಮನೆಯ ವಿಚಾರ. ಕಾರು ಕೊಳ್ಳುವವರು ಕೊಂಡಾರು, ಬಿಡುವವರು ಬಿಟ್ಟಾರು. ಇದನ್ನು ಸಹಕಾರಿ ವೇದಿಕೆಯಲ್ಲಿ ಎತ್ತಿದ್ದಕ್ಕೆ ಕಾರಣ ಬೇರೆ ಇದೆ. ನಾವೊಬ್ಬರು ಬಸ್ಸು ಬಿಟ್ಟರೆ ಬಸ್ಸಿನಲ್ಲಿ ಉಳಿದವರಿಗೆ ಏನಾಗುತ್ತದೆ?

ಒಂದು ಟ್ರಿಪ್ಪಿಗೆ ನಲ್ವತ್ತು ಜನ ಇದ್ದರು ಎನ್ನಿ. ಅದರಲ್ಲಿ ಹದಿನೈದು ಜನ ಕಾರು, ಬೈಕು ಮಾಡಿಕೊಂಡರು. ಬಸ್ಸಿನ ಡೀಸೆಲು, ಡ್ರೈವರು ಕಂಡಕ್ಟರರ ಸಂಬಳ, ತೆರಿಗೆ, ವಿಮೆ ಯಾವುದೂ ಕಡಿಮೆ ಆಗಲಿಲ್ಲ. ಮಾಲಕರು ಏನು ಮಾಡುತ್ತಾರೆ? ಮೊದಲು ಮಧ್ಯಾಹ್ನದ ಟ್ರಿಪ್ಪು ಬಿಡುತ್ತಾರೆ, ಮತ್ತೆ ರಾತ್ರಿಯದ್ದು. ಬಸ್ಸು ಕಡಿಮೆಯಾದಾಗ ಕಾಯುವ ಹೊತ್ತು ಹೆಚ್ಚಾಗುತ್ತದೆ. ಅದನ್ನು ಕಂಡು ಇನ್ನೂ ಹತ್ತು ಜನ ಸಾಲ ಮಾಡಿ ಗಾಡಿ ಕೊಳ್ಳುತ್ತಾರೆ. 2020ರಲ್ಲಿ ಕೊರೊನಾದಿಂದಾಗಿ ಬಸ್ಸು ನಿಂತಾಗ ಇದು ಒಮ್ಮೆಲೇ ಆದ ಹಾಗಾಯಿತು. ನಿಂತ ಟ್ರಿಪ್ಪುಗಳೆಲ್ಲ ತಿರುಗಿ ಬರಲಿಲ್ಲ.

ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಉಳಿಯುವವರು ಯಾರು? ಪಾಸು ಹಿಡಿದ ಕಾಲೇಜು ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಅಂಗಡಿ ಕೆಲಸಕ್ಕೆ ಹೋಗುವ ಹೆಣ್ಮಕ್ಕಳು, ಪಿಂಚಣಿ ಕಾಗದ ಹಿಡಿದು ತಾಲೂಕು ಕಚೇರಿಗೆ ಹೊರಟ ಅಜ್ಜಂದಿರು. ಅವರಿಗೆ ವಾಹನ ಸಾಲದ ಅರ್ಜಿ ಹಾಕಲು ಆಧಾರವೇ ಇಲ್ಲ. ಸಂಜೆಯ ಕೊನೇ ಬಸ್ಸು ಇಲ್ಲ ಎಂದಾದರೆ ಎಷ್ಟೋ ಮನೆಯಲ್ಲಿ ಮಗಳ ಓದು, ಕೆಲಸ ಎರಡಕ್ಕೂ ತಡೆ. ಸರಕಾರ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ತಂದು ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಮಾಡಿತು. ಒಳ್ಳೆಯದೇ. ಆದರೆ ಖಾಸಗಿ ಬಸ್ಸೇ ಹೆಚ್ಚಿರುವ ನಮ್ಮ ಕಡೆ ಅದರ ಪ್ರಯೋಜನ ಬೇರೆ ಜಿಲ್ಲೆಯಷ್ಟು ಸಿಗಲಿಲ್ಲ.

ನಮ್ಮ ಹಾಲಿನ ಡೈರಿಯನ್ನೇ ನೋಡಿ. ಒಬ್ಬರದು ಎರಡು ಲೀಟರು, ಇನ್ನೊಬ್ಬರದು ಹತ್ತು. ಯಾರೂ ತಮ್ಮ ತಮ್ಮ ಹಾಲನ್ನು ಕಾರಿನಲ್ಲಿಟ್ಟು ಒಕ್ಕೂಟದ ಡೈರಿಗೆ ಒಯ್ಯುವುದಿಲ್ಲ. ಒಂದು ವಾಹನ ಹೊತ್ತಿಗೆ ಸರಿಯಾಗಿ ಬರುತ್ತದೆ, ಎಲ್ಲರದನ್ನೂ ತುಂಬಿಕೊಂಡು ಹೋಗುತ್ತದೆ. ಹತ್ತು ಲೀಟರಿನವರು "ನಮ್ಮ ದಾರಿ ನಮಗೆ" ಎಂದು ಹೊರಟರೆ ಎರಡು ಲೀಟರಿನವರ ಬಾಗಿಲಿಗೆ ಆ ವಾಹನ ಎಷ್ಟು ದಿನ ಬಂದೀತು? ಬಸ್ಸೂ ಹಾಗೆಯೇ. ಶೇರು ಪತ್ರ ಇಲ್ಲದ ಸಹಕಾರಿ ಸಂಘ ಅದು.

ಬಸ್ಸನ್ನೇ ಸಹಕಾರಿ ಸಂಘವಾಗಿ ನಡೆಸಿದವರೂ ಇದ್ದಾರೆ. ಘಟ್ಟದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಶಂಕರ್ ಕಂಪೆನಿಯ ಬಸ್ಸುಗಳು ನಿಂತಾಗ ಕೆಲಸ ಹೋದ ಕಾರ್ಮಿಕರೇ ಒಟ್ಟಾಗಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ ಎಲ್ಲರೂ ಶೇರುದಾರರು. ಕೆಲವೇ ಬಸ್ಸಿನಿಂದ ಸುರುವಾಗಿ ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಮಲೆನಾಡಿನ ಮೂಲೆ ಮೂಲೆಯ ಮಕ್ಕಳು ಅದರಲ್ಲಿ ಶಾಲೆಗೆ ಹೋದರು. ಆದರೆ ಡೀಸೆಲು, ಬಿಡಿಭಾಗ, ವಿಮೆ ಎಲ್ಲದರ ಖರ್ಚು ಏರುತ್ತಾ ಹೋಗಿ, ಆದಾಯ ಸಾಲದೆ, 2020ರಲ್ಲಿ ಅದು ನಿಂತಿತು. ದುಡಿಯುವವರೇ ಮಾಲಕರಾಗಿದ್ದರೂ ಅದು ಉಳಿಯಲಿಲ್ಲ ಎನ್ನುವುದನ್ನು ನಾವು ಗಮನಿಸಬೇಕು. ನಡೆಸುವವರು ಒಗ್ಗಟ್ಟಾಗಿದ್ದರೆ ಮಾತ್ರ ಸಾಲದು, ಹತ್ತುವ ಜನವೂ ಬೇಕು, ಸರಕಾರದ ಕೈಯೂ ಬೇಕು.

ಹಾಗಾದರೆ ನಾವು ಮಾಡುವುದು ಎಂತ? ನಾಲ್ಕು ಸೂಚನೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ವಾಹನ ಸಾಲದ ಅರ್ಜಿ ಹಾಕುವ ಮೊದಲು ಮೂರು ತಿಂಗಳು ಒಂದು ಪುಸ್ತಕ ಇಡಿ. ಎಲ್ಲಿಗೆ ಹೋದದ್ದು, ಎಷ್ಟು ಜನ, ಬಸ್ಸಿನಲ್ಲಿ ಆಗುತ್ತಿತ್ತೋ ಇಲ್ಲವೋ, ರಿಕ್ಷಾಕ್ಕೆ ಎಷ್ಟಾಯಿತು, ಎಲ್ಲ ಬರೆಯಿರಿ. ನಿಜವಾಗಿ ಬೇಕು ಎಂದು ಪುಸ್ತಕ ಹೇಳಿದರೆ ಸಂಘದ ಬಾಗಿಲು ತೆರೆದೇ ಇದೆ. ನೆರೆಮನೆಯವರು ಕೊಂಡರು ಎನ್ನುವುದು ಮಾತ್ರ ಕಾರಣವಾಗದಿರಲಿ.

ಎರಡು, ಕಾರು ಇದ್ದವರು ವಾರಕ್ಕೆ ಒಂದು ದಿನವಾದರೂ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ. ರೈಲಿಗೆ ಬಿಜೂರಿನಲ್ಲೇ ಟಿಕೇಟು ತೆಗೆಯಿರಿ. ಇನ್ನೊಂದು ಗಾಡಿ ನಿಲ್ಲಿಸಿ ಎಂದು ಕೇಳುವಾಗ ತೋರಿಸಲು ನಮ್ಮ ಕೈಯಲ್ಲಿ ಇರುವುದು ಆ ಟಿಕೇಟಿನ ಲೆಕ್ಕ ಮಾತ್ರ.

ಮೂರು, ಬಸ್ಸಿನ ಪರ್ಮಿಟ್ಟಿನಲ್ಲಿ ದಾರಿ, ವೇಳೆ ಎರಡೂ ನಮೂದಾಗಿರುತ್ತವೆ. ಟ್ರಿಪ್ಪು ತಪ್ಪಿಸಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ದೂರು ಕೊಡಲು ನಮಗೆ ಹಕ್ಕಿದೆ. ಒಬ್ಬರು ಬರೆದರೆ ಅದು ಕಾಗದ. ಸಂಘದ ಮಹಾಸಭೆ ನಿರ್ಣಯ ಮಾಡಿ, ಯಾವ ಹೊತ್ತಿಗೆ ಎಷ್ಟು ಜನರಿಗೆ ಬಸ್ಸು ಬೇಕೆಂದು ಪಟ್ಟಿ ಸಮೇತ ಕಳುಹಿಸಿದರೆ ಅದಕ್ಕೆ ತೂಕ ಬರುತ್ತದೆ. ಬಸ್ಸಿನ ಮಾಲಕರನ್ನೂ ಕರೆದು ಕೂರಿಸಿ ಅವರ ಕಷ್ಟ ಕೇಳೋಣ. ಹೆದ್ದಾರಿ ದಾಟಲು ಹೆದರುವ ಮಕ್ಕಳಿಗೆ, ಮುದುಕರಿಗೆ ಸರಿಯಾದ ದಾಟುವ ಜಾಗ, ಮಳೆಗೆ ನೆನೆಯದ ತಂಗುದಾಣ ಬೇಕೆಂಬುದನ್ನೂ ಅದರಲ್ಲಿ ಸೇರಿಸೋಣ.

ನಾಲ್ಕು, ಕುಂದಾಪುರದ ಸಂತೆಗೋ ಆಸ್ಪತ್ರೆಗೋ ಕಾರು ಹೊರಟಾಗ ನೆರೆಮನೆಗೆ ಒಂದು ಕೂಗು ಹಾಕಿ. ಬಿಳಿ ಬೋರ್ಡಿನ ಕಾರಿಗೆ ಬಾಡಿಗೆ ಪಡೆಯುವಂತಿಲ್ಲ, ಅದು ಕಾನೂನು. ಆದರೆ ಖಾಲಿ ಸೀಟಿನಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡು ಹೋಗಲು ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಸಂಘ ಕಟ್ಟಿದ ಹಿರಿಯರಲ್ಲಿ ಒಬ್ಬೊಬ್ಬರ ಕೈಯಲ್ಲೂ ಹೆಚ್ಚೇನೂ ಇರಲಿಲ್ಲ. ಕೂಡಿಸಿದಾಗ ಸಾಕಷ್ಟಾಯಿತು. ಅವರ ಈ ಪಾಠ ಠೇವಣಿ ಸಾಲಕ್ಕೆ ಮಾತ್ರ ನಿಲ್ಲದೆ ನಮ್ಮ ದಾರಿ ಪ್ರಯಾಣಕ್ಕೂ ಬರಲಿ. ಬರುವ ಮಹಾಸಭೆಯಲ್ಲಿ ಬಸ್ಸಿನ ನಿರ್ಣಯವನ್ನು ಮಂಡಿಸುವಾಗ ತಾವೆಲ್ಲರೂ ಕೈ ಎತ್ತಬೇಕು ಎಂದು ವಿನಂತಿಸುತ್ತೇವೆ.

ಜೈ ಸಹಕಾರ.